ಫೋರ್ ಚಾನೆಲ್ ಸಿಸಿಟಿವಿ ಸೆಟ್: ಪೊಲೀಸರಿಗೆ ಎಷ್ಟು ಉಪಯೋಗ?

ಅಂಗಡಿಯಲ್ಲಿ ‘ಫೋರ್ ಚಾನೆಲ್ ಸೆಟ್’ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ವಿಡಿಯೊ ದಾಖಲಿಸುವ ಪೆಟ್ಟಿಗೆ), 1 ಟಿಬಿ ಹಾರ್ಡ್ ಡಿಸ್ಕ್, ಪವರ್ ಸಪ್ಲೈ ಮತ್ತು ಕೇಬಲ್. ಮನೆಗೋ ಸಣ್ಣ ಅಂಗಡಿಗೋ ಇಷ್ಟು ಸಾಕು, ಧೈರ್ಯವಾಗಿ ಕೊಳ್ಳಬಹುದು. ಆದರೆ ಫಿಟ್ ಮಾಡಿದವರು ಬಿಟ್ಟುಹೋದ ಸೆಟ್ಟಿಂಗ್‌ನಲ್ಲೇ ನಡೆಸಿದರೆ ಕಳ್ಳತನವಾದ ದಿನ ಯಾರೋ ಬಂದು ಹೋದದ್ದಷ್ಟೇ ಕಾಣುತ್ತದೆ. ತನಿಖೆಗೆ ಬೇಕಾಗುವುದು ಮುಖ, ಗಾಡಿ ನಂಬರ್, ಸರಿಯಾದ ಸಮಯ.

ಸೆಟ್ ಜೊತೆ ಹೆಚ್ಚಾಗಿ 2.8 ಎಂಎಂ ಲೆನ್ಸ್ ಕೊಡುತ್ತಾರೆ. ಇಡೀ ಅಂಗಳ ಕಾಣುತ್ತದೆ, ಹೌದು. ಆದರೆ ಅಪರಿಚಿತನ ಮುಖ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿರುವುದು ಸುಮಾರು 3 ಮೀಟರ್‌ವರೆಗೆ ಮಾತ್ರ. ಗೇಟಿಗೆ 6 ಎಂಎಂ ಕೇಳಿ ಹಾಕಿಸಿ, ಅದೇ ಸ್ಪಷ್ಟತೆ 7 ಮೀಟರ್ ಹತ್ತಿರದವರೆಗೆ ಸಿಗುತ್ತದೆ. ಕಿಟಕಿ ಮೇಲಿನ ಸಜ್ಜಾದಲ್ಲಿ ತೀರಾ ಎತ್ತರಕ್ಕೆ ಕೂರಿಸಿದರೆ ಟೋಪಿ, ಹೆಲ್ಮೆಟ್ ಬಿಟ್ಟು ಬೇರೇನೂ ಸಿಗದು. ಒಂದು ಕ್ಯಾಮೆರಾ ಆದರೂ ಎಂಟು ಅಡಿ ಎತ್ತರದಲ್ಲಿ, ಬರುವವರ ಮುಖಕ್ಕೆ ಎದುರಾಗಿರಲಿ. ರಾತ್ರಿ ನಂಬರ್ ಪ್ಲೇಟ್ ಓದಬೇಕೆಂದರೆ ಈ ಸೆಟ್ ಸೋಲುತ್ತದೆ. ಕತ್ತಲಲ್ಲಿ ಒಂದೊಂದು ಚಿತ್ರಕ್ಕೂ ಶಟರ್ ಸೆಕೆಂಡಿನ 1/25 ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ 30 ಕಿ.ಮೀ. ವೇಗದ ಬೈಕ್ 33 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಕ್ಷರ ಕಲಸಿಹೋಗುತ್ತದೆ.

ಗಡಿಯಾರದಿಂದಲೂ ಕೇಸು ಹಾಳಾಗುತ್ತದೆ. ಎಷ್ಟೋ ಡಿವಿಆರ್‌ಗಳು ಜಿಎಂಟಿ+8, ಅಂದರೆ ಚೀನಾದ ಸಮಯದಲ್ಲೇ ಬರುತ್ತವೆ. ಅದನ್ನು ಭಾರತದ +5:30 ಮಾಡದೆ ಎನ್‌ಟಿಪಿ (ಇಂಟರ್ನೆಟ್ ಮೂಲಕ ಸಮಯ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಆನ್ ಮಾಡಿದರೆ ರಾತ್ರಿ 11ರ ಘಟನೆ ಮರುದಿನ ಬೆಳಗಿನ ಜಾವ 1:30ಕ್ಕೆ ದಾಖಲಾಗುತ್ತದೆ. ಪೊಲೀಸರು ಒಬ್ಬ ವ್ಯಕ್ತಿಯನ್ನು ಈ ಮನೆಯ ಕ್ಯಾಮೆರಾದಿಂದ ಮುಂದಿನ ಬೇಕರಿಯ ಕ್ಯಾಮೆರಾಕ್ಕೆ, ಅಲ್ಲಿಂದ ಬಸ್‌ಸ್ಟಾಪಿಗೆ ಹಿಂಬಾಲಿಸುವುದು, ಮೊಬೈಲ್ ಟವರ್ ದಾಖಲೆಗೆ ತಾಳೆ ಹಾಕುವುದು ಸಮಯ ಹಿಡಿದೇ. ಇಂಟರ್ನೆಟ್ ಇಲ್ಲದ ಕಡೆ ಡಿವಿಆರ್ ಒಳಗಿನ ಬಟನ್ ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗ ತಾರೀಕು ಹಳೆಯ ಯಾವುದೋ ವರ್ಷಕ್ಕೆ ಹೋಗಿಬಿಡುತ್ತದೆ. ತಿಂಗಳಿಗೊಮ್ಮೆ ಫೋನಿನ ಸಮಯಕ್ಕೆ ಹೋಲಿಸಿ ನೋಡಿ.

ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್, ಅಂದರೆ 2 ಎಂಬಿಪಿಎಸ್‌ನಲ್ಲಿ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 1 ಟಿಬಿ 11 ದಿನಕ್ಕೇ ತುಂಬಿ, ಹಳೆಯದು ಅಳಿಯುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದವರಿಗೆ ಬೇಕಾದ ದಿನವೇ ಇರುವುದಿಲ್ಲ. ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ) ಆಯ್ದು 1 ಎಂಬಿಪಿಎಸ್‌ಗೆ ಇಳಿಸಿದರೆ ಮೂರು ವಾರ ದಾಟುತ್ತದೆ, ಆದರೆ ಓಡುವವರ ಚಿತ್ರ ಮಸುಕಾಗುತ್ತದೆ. 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಿಸುವುದೇ ವಾಸಿ. ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನ ಇಟ್ಟುಕೊಳ್ಳಲು ಹೇಳುತ್ತದೆ. ಮನೆಗೂ ಅದೇ ಲೆಕ್ಕ ಇಟ್ಟುಕೊಳ್ಳಿ.

ಘಟನೆ ನಡೆಯುತ್ತಿದ್ದರೆ ಮೊದಲು 112. ಆಮೇಲೆ ಡಿವಿಆರ್ ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸ್ಆ್ಯಪ್ ಮಾಡುವುದು ಬೇಡ. ಚಿತ್ರ ಕುಗ್ಗುತ್ತದೆ, ಮೂಲ ಕಡತವೂ ಅದಲ್ಲ. ಪೆನ್‌ಡ್ರೈವ್ ಹಾಕಿ, ಮೆನುವಿನ ಬ್ಯಾಕಪ್‌ನಲ್ಲಿ ಘಟನೆಯ ಹಿಂದೆ ಮುಂದೆ ಅರ್ಧ ಗಂಟೆ ಸೇರಿಸಿ, ಡಿವಿಆರ್‌ನದೇ ಫಾರ್ಮ್ಯಾಟ್‌ನಲ್ಲಿ ಪ್ಲೇಯರ್ ಸಮೇತ ತೆಗೆಯಿರಿ. ಗಡಿಯಾರ ಎಷ್ಟು ನಿಮಿಷ ತಪ್ಪಿದೆ ಅಂತ ಬರೆದುಕೊಡಿ, ಆ ಹೊತ್ತಿನಲ್ಲಿ ಗಡಿಯಾರ ತಿದ್ದಲು ಹೋಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿಡಿಯೊ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ನಮೂದಿಸಬೇಕು. ಅದರ ಮೊದಲ ಭಾಗಕ್ಕೆ ಸಾಮಾನ್ಯವಾಗಿ ಕ್ಯಾಮೆರಾ ನೋಡಿಕೊಳ್ಳುವವರದೇ ಸಹಿ, ಎರಡನೆಯದಕ್ಕೆ ತಜ್ಞರದು. ಸಹಿಗೆ ಹೆದರಿ ಹಿಂದೆ ಸರಿಯಬೇಡಿ, ಅದಿಲ್ಲದಿದ್ದರೆ ನ್ಯಾಯಾಲಯದಲ್ಲಿ ಆ ವಿಡಿಯೊ ನಿಲ್ಲುವುದು ಕಷ್ಟ.

ಮುಖವನ್ನು ಫೇಸ್‌ಬುಕ್‌ಗೆ ‘ಕಳ್ಳ’ ಅಂತ ಹಾಕಬೇಡಿ. ಕೊರಿಯರ್ ಹುಡುಗನೂ ಆಗಿರಬಹುದು. ಸಾಕ್ಷಿಗಳು ಮೊದಲೇ ಫೋಟೊ ನೋಡಿದ್ದರೆ ಗುರುತು ಪತ್ತೆ ಪರೇಡ್‌ಗೂ ಬೆಲೆ ಉಳಿಯದು.

ಡಿವಿಆರ್ ಹಾಲ್‌ನಲ್ಲಿ ಟಿವಿ ಪಕ್ಕ ಬೇಡ. ಕಳ್ಳರು ಅದನ್ನೇ ಕಿತ್ತುಕೊಂಡು ಹೋಗುತ್ತಾರೆ. ಗಾಳಿಯಾಡುವ, ಬೀಗವಿರುವ ಕಪಾಟಿನಲ್ಲಿಟ್ಟು ಸಣ್ಣ ಯುಪಿಎಸ್ ಕೊಡಿ. ಮೇನ್ ಸ್ವಿಚ್ ಹೊರಗಡೆಯಿದ್ದರೆ ಇದು ಬೇಕೇ ಬೇಕು.