ತಿಪ್ಪೆ ಗೊಬ್ಬರವೋ, ಮೂಟೆ ಗೊಬ್ಬರವೋ, ಎರಡೂ ಸೇರಿಸಿಯೋ: ರಾಗಿ–ತೊಗರಿ ಅಕ್ಕಡಿಯ ಎರಡು ವರ್ಷದ ಲೆಕ್ಕ

ಮಂಡ್ಯ ಅಂದರೆ ನಾಲೆ ನೀರು, ಕಬ್ಬು, ಭತ್ತ ಅಂದುಕೊಂಡವರು ಒಮ್ಮೆ ನಾಗಮಂಗಲದ ಕಡೆ ಬಂದು ನೋಡಬೇಕು. ನಮ್ಮ ಹೊಲಕ್ಕೆ ನಾಲೆಯೂ ಇಲ್ಲ, ಬೋರೂ ಇಲ್ಲ. ಮರಳು ಬೆರೆತ ಕೆಂಪು ಮಣ್ಣು, ಮೇಲಿನ ಮಳೆಯೇ ಗತಿ. ಅಪ್ಪನ ಕಾಲದಿಂದಲೂ ರಾಗಿಯಲ್ಲಿ ಅಕ್ಕಡಿ ಸಾಲು, ಅಂದರೆ ರಾಗಿ ಸಾಲುಗಳ ನಡುವೆ ಬೇರೆ ಬೆಳೆಯ ಸಾಲು, ಇದ್ದೇ ಇದೆ. ಗೊಬ್ಬರದ ವಿಷಯಕ್ಕೆ ಬಂದರೆ ಮಾತ್ರ ಮನೆಯಲ್ಲೇ ಎರಡು ಪಕ್ಷ. ಅವ್ವನದು ತಿಪ್ಪೆ, ನನ್ನದು ಮೂಟೆಯಲ್ಲಿ ಬರುವ ರಾಸಾಯನಿಕ ಗೊಬ್ಬರ. ಜಗಳ ಬಗೆಹರಿಯಲೆಂದು 2023ರಲ್ಲಿ ಒಂದೇ ಹೊಲದಲ್ಲಿ ಹತ್ತತ್ತು ಗುಂಟೆಯ ಮೂರು ತಾಕು ಮಾಡಿದೆ. ಮೂರಕ್ಕೂ ಜಿಪಿಯು-28 ತಳಿಯ ರಾಗಿ, ಎಂಟು ಸಾಲಿಗೆ ಎರಡು ಸಾಲು ಬಿಆರ್‌ಜಿ-2 ತೊಗರಿ. ತೊಗರಿ ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ (ಬೇರುಗಂಟು ಕಟ್ಟಿಸುವ ಸೂಕ್ಷ್ಮಾಣು) ಲೇಪಿಸಿ ನೆರಳಲ್ಲಿ ಆರಿಸಿಕೊಂಡಿದ್ದೆ.

ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ ಏಳೂವರೆ ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ 50 ಕೆಜಿ ಸಾರಜನಕ, 40 ಕೆಜಿ ರಂಜಕ, 37.5 ಕೆಜಿ ಪೊಟ್ಯಾಷ್. ಇದನ್ನು ಹತ್ತು ಗುಂಟೆಗೆ ಇಳಿಸಿದರೆ ಮೂಟೆ ಲೆಕ್ಕದಲ್ಲಿ ಸುಮಾರು 9 ಕೆಜಿ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಏಳೂವರೆ ಕೆಜಿ ಯೂರಿಯಾ, 6 ಕೆಜಿ ಪೊಟ್ಯಾಷ್ ಆಗುತ್ತೆ. ಒಂದು ತಾಕಿಗೆ ಇಷ್ಟನ್ನೇ ಹಾಕಿದೆ, ತಿಪ್ಪೆ ಗೊಬ್ಬರ ಮುಟ್ಟಲಿಲ್ಲ. ಇನ್ನೊಂದಕ್ಕೆ ಒಂದೂವರೆ ಟನ್ ತಿಪ್ಪೆ ಗೊಬ್ಬರ ಮಾತ್ರ. ಮೂರನೆಯದಕ್ಕೆ 750 ಕೆಜಿ ತಿಪ್ಪೆ, ಮೂಟೆಯದು ಅರ್ಧ ಪಾಲು. ಡಿಎಪಿ, ಪೊಟ್ಯಾಷ್ ಬಿತ್ತನೆ ಹೊತ್ತಿಗೆ, ಯೂರಿಯಾ ತಿಂಗಳ ಪೈರಿಗೆ.

2023ರ ಆಗಸ್ಟ್ ಯಾರಿಗೆ ಮರೆತೀತು? ಮೂಟೆ ತಾಕಿನ ಪೈರು ಅಲ್ಲಿಯವರೆಗೂ ಕಣ್ಣಿಗೆ ಹಬ್ಬ, ತೆಂಡೆ (ಬುಡದಿಂದ ಒಡೆಯುವ ಮರಿಪೈರು) ಚೆನ್ನಾಗಿ ಹೊಡೆದಿತ್ತು. ಒಂದು ಸೋನೆ ಬಿದ್ದಿತೆಂದು ಯೂರಿಯಾ ಎರಚಿದೆ. ಆಮೇಲೆ ಮೂರು ವಾರ ಬರೀ ಬಿಸಿಲು. ತೇವವಿಲ್ಲದ ನೆಲದ ಮೇಲೆ ಬಿದ್ದ ಯೂರಿಯಾ ಪೈರಿಗೆ ಹೋಗಿದ್ದಕ್ಕಿಂತ ಅಮೋನಿಯಾ ಆಗಿ ಗಾಳಿಗೆ ಹೋಗಿದ್ದೇ ಜಾಸ್ತಿ. ತಿಪ್ಪೆ ಹಾಕಿದ ಎರಡೂ ತಾಕಲ್ಲಿ ಮಣ್ಣು ಕೈಗೆ ಸ್ವಲ್ಪ ಮೆತ್ತಗಿತ್ತು, ಎಲೆ ಸುರುಳಿ ಸುತ್ತಿದ್ದು ನಾಲ್ಕೈದು ದಿನ ತಡವಾಗಿ. ಬರದ ವರ್ಷ ಆ ನಾಲ್ಕೈದು ದಿನವೇ ಬೆಳೆ. ಕಣದಲ್ಲಿ ತೂಗಿದಾಗ ಮೂಟೆ ತಾಕಿನದು ರಾಗಿ 70 ಕೆಜಿ, ತೊಗರಿ 22. ತಿಪ್ಪೆಯದು 95 ಮತ್ತು 28. ಅರ್ಧರ್ಧ ಹಾಕಿದ್ದರಲ್ಲಿ 110 ಮತ್ತು 30. ಅವ್ವ ಒಂದು ವಾರ ನನ್ನ ಮುಖ ನೋಡಿದಾಗಲೆಲ್ಲ ನಗುತ್ತಿದ್ದಳು.

ನಾನೊಂದು ತಪ್ಪೂ ಮಾಡಿದ್ದೆ. ಸಾಲು ನೋಡದೆ ಯೂರಿಯಾ ಎರಚಿದ್ದರಿಂದ ತೊಗರಿ ಸಾಲಿಗೂ ಬಿದ್ದಿತ್ತು. ಮುಂದೆ ಮಳೆ ಬಂದಾಗ ಆ ಗಿಡಗಳು ಸೊಪ್ಪಿನಲ್ಲೇ ಮುಳುಗಿದವು. "ಸರ್ಕಾರಿ ಗೊಬ್ಬರ ಸುರುದ್ರೆ ಸೊಪ್ಪು ಬತ್ತದೆ ಕಣ್ಲಾ, ಕಾಯಿ ಬರಾಕಿಲ್ಲ" ಅಂದಳು ಅವ್ವ. ಮಾತು ಅರ್ಧ ನಿಜ. ಬೇರುಗಂಟಿನಲ್ಲಿ ತಾನೇ ಸಾರಜನಕ ಹಿಡಿಯುವ ಗಿಡಕ್ಕೆ ಮೇಲಿಂದ ಸುರಿದರೆ ಅದು ಗಂಟು ಕಟ್ಟುವ ಕೆಲಸವನ್ನೇ ಕಡಿಮೆ ಮಾಡುತ್ತೆ. ಆದರೆ ಅದೇ ಮೂಟೆಯಲ್ಲಿ ಬರುವ ರಂಜಕ ತೊಗರಿಗೆ ಬೇಕೇ ಬೇಕು. ನಮ್ಮ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತೆ, ಎರಚಿದರೆ ದಂಡ. ಎರಡನೇ ವರ್ಷ ಡಿಎಪಿಯನ್ನು ಎಲ್ಲ ಸಾಲಿಗೂ ಬೀಜದ ಪಕ್ಕಕ್ಕೆ ಬೀಳುವಂತೆ ಕೊಟ್ಟೆ, ಯೂರಿಯಾ ರಾಗಿ ಸಾಲಿಗೆ ಮಾತ್ರ, ಅದೂ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವ ದಿನ.

2024ರ ಮಳೆ ಕೈ ಹಿಡಿಯಿತು, ಲೆಕ್ಕ ತಲೆಕೆಳಗಾಯಿತು. ಮೂಟೆ ತಾಕಲ್ಲಿ ರಾಗಿ 205, ತೊಗರಿ 38. ಅರ್ಧರ್ಧದಲ್ಲಿ 210 ಮತ್ತು 42. ತಿಪ್ಪೆ ತಾಕು 140 ಮತ್ತು 36ಕ್ಕೆ ನಿಂತಿತು. ತಿಪ್ಪೆಯ ಸಾರಜನಕ ಒಂದೇ ಸಲಕ್ಕೆ ಬಿಡುಗಡೆಯಾಗಲ್ಲ, ತೆಂಡೆ ಹೊಡೆಯುವ ಹೊತ್ತಿಗೆ ರಾಗಿ ಹಸಿದೇ ಇತ್ತು, ಎಲೆ ಹಳದಿ ತಿರುಗಿದ್ದು ದೂರದಿಂದಲೇ ಕಾಣುತ್ತಿತ್ತು. ಜೊತೆಗೆ ಆ ವರ್ಷದ ತಿಪ್ಪೆ ಸರಿಯಾಗಿ ಕಳಿತಿರಲಿಲ್ಲ. ಕಳೆಯೂ ಬಂತು, ಬೇರು ತಿನ್ನುವ ಗೊಣ್ಣೆ ಹುಳವೂ ಬಂತು. ಮೂಟೆ ತಾಕಿನ ರಾಗಿ ಮಾತ್ರ ಅಕ್ಟೋಬರ್ ಮಳೆಗೆ ಅಲ್ಲಲ್ಲಿ ಮಲಗಿ ಕೊಯ್ಲಿನ ಆಳು ಜಾಸ್ತಿ ಹಿಡಿಯಿತು.

ಇನ್ನು ದುಡ್ಡು. ಎರಡೂ ವರ್ಷಕ್ಕೆ ಒಂದೇ ಅಳತೆ ಇರಲೆಂದು 2025-26ರ ಬೆಂಬಲ ಬೆಲೆ ಹಿಡಿದಿದ್ದೇನೆ: ಕ್ವಿಂಟಲ್ ರಾಗಿಗೆ 4,886, ತೊಗರಿಗೆ 8,000 ರೂಪಾಯಿ. ಹತ್ತು ಗುಂಟೆಗೆ ಮೂಟೆ ಗೊಬ್ಬರದ ಖರ್ಚು ಐನೂರರ ಆಸುಪಾಸು. ತಿಪ್ಪೆ ಗೊಬ್ಬರ ಕೊಂಡು ತಂದರೆ, ನಾನು ಕೊಟ್ಟ ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ, 750 ಕೆಜಿಗೇ ಸಾವಿರ ರೂಪಾಯಿ ಬೀಳುತ್ತೆ. ಅಂದರೆ ಅರ್ಧರ್ಧ ತಾಕಿಗೆ ಮೂಟೆ ತಾಕಿಗಿಂತ ಏಳುನೂರೈವತ್ತು ಜಾಸ್ತಿ ಖರ್ಚು. 2023ರಲ್ಲಿ ಅದು ಹೆಚ್ಚಿಗೆ ಕೊಟ್ಟ ಬೆಳೆಯ ಬೆಲೆ ಸುಮಾರು 2,600, ಖರ್ಚು ಕಳೆದರೂ ಲಾಭ. 2024ರಲ್ಲಿ ಹೆಚ್ಚಿಗೆ ಬಂದಿದ್ದು ಬರೀ 560ರಷ್ಟು, ಅಂದರೆ ಇನ್ನೂರು ರೂಪಾಯಿ ಕೈಯಿಂದ ಹೋಯಿತು. ತಿಪ್ಪೆ ಮನೆಯದೇ ಆದರೆ ಎರಡೂ ವರ್ಷ ಅರ್ಧರ್ಧವೇ ಗೆದ್ದಂತೆ.

ಹಾಗಾಗಿ ಕೊಟ್ಟಿಗೆಯಲ್ಲಿ ಎರಡು ದನವಿದ್ದವರಿಗೆ ನಾನು ಅರ್ಧರ್ಧವನ್ನೇ ಹೇಳುತ್ತೇನೆ. ದನವಿಲ್ಲದವರು ಗೊಬ್ಬರ ಕೊಳ್ಳುವ ಮೊದಲು ಬದುವಿನ ಮೇಲೆ ಹಸಿರೆಲೆ ಗೊಬ್ಬರದ ಗ್ಲಿರಿಸೀಡಿಯಾ ಗಿಡ ನೆಡಲಿ, ಸೊಪ್ಪು ಕಡಿದು ಹಾಕಲಿ. ಇಲ್ಲವೇ ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಲಿ. ಬರೀ ತಿಪ್ಪೆಯೇ ಸಾಕು ಅನ್ನುವವರ ಜೊತೆ ವಾದಕ್ಕಿಳಿಯಲ್ಲ, ಅವರ ಹೊಲದ ಮಣ್ಣು ನನ್ನದಕ್ಕಿಂತ ಒಳ್ಳೆಯದಿರಬಹುದು.

ಈ ಸಲ ಅರ್ಧರ್ಧ ತಾಕನ್ನೇ ಎರಡಾಗಿ ಸೀಳಿ, ಒಂದು ಕಡೆ ಡಿಎಪಿ ಬದಲು ಸೂಪರ್ ಫಾಸ್ಫೇಟ್ ಹಾಕಿದ್ದೇನೆ. ಅದರಲ್ಲಿ ರಂಜಕ 16 ಪರ್ಸೆಂಟ್ ಮಾತ್ರ, ಆದರೆ 11 ಪರ್ಸೆಂಟ್ ಗಂಧಕ ಸಿಗುತ್ತೆ, ಬೇಳೆಕಾಳಿಗೆ ಅದೂ ಬೇಕು. ಅವ್ವ ಆ ಕಡೆಯ ಒಂದು ಸಾಲು ತೊಗರಿ ಕಿತ್ತು ಸೊಗಡವರೆ ಹಾಕಿಸಿದ್ದಾಳೆ. ನನ್ನ ಲೆಕ್ಕ ಕೆಡುತ್ತೆ ಅಂದೆ. ಹಿದುಕಿದವರೆ ಸಾರು ಬೇಡವಾ ಅಂತ ಕೇಳಿದಳು.