ವಾಟ್ಸಾಪ್ ಗುಂಪು ಬಿಟ್ಟು ಫಿಗ್ಮಾ ಕಾಮೆಂಟು: ವೆಬ್‌ಸೈಟ್ ತಿದ್ದುಪಡಿಗೆ ಎಷ್ಟು ಅನುಕೂಲ?

ಮುಂಬೈಯ ಕನ್ನಡ ಸಂಘಕ್ಕೋ ಮಾಟುಂಗಾದ ಉಡುಪಿ ಹೋಟೆಲಿಗೋ ವೆಬ್‌ಸೈಟ್ ಮಾಡಿಕೊಡುವವರಿಗೆ ವಿನ್ಯಾಸಕ್ಕಿಂತ ತಿದ್ದುಪಡಿಯದ್ದೇ ದೊಡ್ಡ ತಲೆನೋವು. ಅಧ್ಯಕ್ಷರು ಸ್ಕ್ರೀನ್‌ಶಾಟಿಗೆ ಕೆಂಪು ಗೆರೆ ಎಳೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕಾರ್ಯದರ್ಶಿ ಲೋಕಲ್ ರೈಲಿನಿಂದಲೇ ವಾಯ್ಸ್ ಮೆಸೇಜ್ ಹಾಕುತ್ತಾರೆ. ಖಜಾಂಚಿ ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ‘ಮೇಲಿನದು ಸ್ವಲ್ಪ ದೊಡ್ಡದು ಮಾಡಿ’ ಎಂದರೆ ಯಾವ ಪುಟದ ಮೇಲಿನದು, ಯಾವ ಆವೃತ್ತಿಯದು ಎಂದು ಹುಡುಕುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಈ ಗೋಜಲಿಗೆ, ಪುಟಗಳ ವಿನ್ಯಾಸ ರಚಿಸುವ ಫಿಗ್ಮಾ ತಂತ್ರಾಂಶದ ಕಾಮೆಂಟು ಒಳ್ಳೆಯ ಪರಿಹಾರ. ಕೆಲವು ಕಡೆ ಮಾತ್ರ ಕೈಕೊಡುತ್ತದೆ.

ಬಳಕೆ ಸುಲಭ. ಬ್ರೌಸರ್‌ನಲ್ಲಿ ಲಿಂಕ್ ತೆರೆದು ಕೀಬೋರ್ಡಿನ ‘ಸಿ’ ಒತ್ತಿ, ಬೇಕಾದ ಜಾಗದ ಮೇಲೆ ಕ್ಲಿಕ್ ಮಾಡಿ ಬರೆದರಾಯಿತು. ಕನ್ನಡದಲ್ಲೇ ಬರೆಯಬಹುದು. ಮಾತು ಆ ಜಾಗಕ್ಕೆ ಅಂಟಿಕೊಂಡಿರುತ್ತದೆ, ಫ್ರೇಮ್ (ಪುಟದ ವಿನ್ಯಾಸವಿರುವ ಚೌಕಟ್ಟು) ಸರಿಸಿದರೂ ಜೊತೆಗೇ ಬರುತ್ತದೆ. ನೋಡುವ ಅನುಮತಿಯಷ್ಟೇ ಇದ್ದವರೂ ಕಾಮೆಂಟು ಹಾಕಬಹುದು, ಅದಕ್ಕೆ ಗ್ರಾಹಕರು ದುಡ್ಡು ಕೊಡಬೇಕಿಲ್ಲ. ಆದರೆ ಲಾಗಿನ್ ಆಗಲೇಬೇಕು. ಹಿರಿಯ ಸದಸ್ಯರು ಬೇಸತ್ತು ವಾಟ್ಸಾಪ್‌ಗೆ ವಾಪಸಾಗುವುದು ಇಲ್ಲಿಯೇ. ಮೊದಲ ಸಭೆಯಲ್ಲೇ ಗೂಗಲ್ ಖಾತೆಯಿಂದ ಲಾಗಿನ್ ಮಾಡಿಸಿ, ಅವರ ಕೈಯಿಂದಲೇ ಒಂದು ಕಾಮೆಂಟು ಹಾಕಿಸಿಬಿಡಿ. ಅದೂ ಲ್ಯಾಪ್‌ಟಾಪಿನಲ್ಲಿ, ಮೊಬೈಲ್ ಆ್ಯಪ್ ಇದ್ದರೂ 1440 ಪಿಕ್ಸೆಲ್ ಅಗಲದ ಪುಟವನ್ನು ಫೋನಿನಲ್ಲಿ ಹಿಗ್ಗಿಸಿ ಕುಗ್ಗಿಸಿ ನೋಡುವುದು ಕಣ್ಣಿಗೆ ಶ್ರಮ. ಕೈಬಿಟ್ಟ ಕರಡುಗಳನ್ನು ಬೇರೆ ಫೈಲಿಗೆ ಹಾಕಿಡಿ. ಇಲ್ಲದಿದ್ದರೆ ‘ಆ ಮೂಲೆಯಲ್ಲಿರುವುದೇ ಚೆನ್ನಾಗಿತ್ತಲ್ಲ’ ಎಂದು ಚರ್ಚೆ ಮತ್ತೆ ಮೊದಲಿಂದ ಶುರುವಾಗುತ್ತದೆ.

ಕನ್ನಡ ಪುಟಗಳಲ್ಲಿ ಈ ಸೌಲಭ್ಯದ ಬೆಲೆ ಚೆನ್ನಾಗಿ ತಿಳಿಯುತ್ತದೆ. ‘ವಾರ್ಷಿಕೋತ್ಸವ ನೋಂದಣಿ’ ಎಂಬ ಶೀರ್ಷಿಕೆ ಎರಡು ಸಾಲಾಗಿದೆ ಎನ್ನಿ. ಅಕ್ಷರ 40 ಪಿಕ್ಸೆಲ್, ಸಾಲಿನ ಎತ್ತರ 44. ಇಂಗ್ಲಿಷಿಗೆ ಅಷ್ಟು ಸಾಕು. ಇಲ್ಲಿ ‘ತ್ಸ’ದ ಒತ್ತು ಕೆಳಗಿನ ಸಾಲಿನ ಅಕ್ಷರಕ್ಕೆ ತಾಗುತ್ತದೆ. ವಾಟ್ಸಾಪ್‌ನಲ್ಲಾದರೆ ‘ಅಕ್ಷರ ಸರಿಯಿಲ್ಲ’ ಎಂದಷ್ಟೇ ಬರುತ್ತಿತ್ತು, ವಿನ್ಯಾಸಕರು ಫಾಂಟನ್ನೇ ಬದಲಿಸುತ್ತಿದ್ದರು. ಕಾಮೆಂಟಿನ ಗುರುತು ಒತ್ತಿನ ಮೇಲೆಯೇ ಕೂತಾಗ ತಿದ್ದಬೇಕಾದದ್ದು ಸಾಲಿನ ಎತ್ತರ ಎಂದು ತಕ್ಷಣ ಕಾಣುತ್ತದೆ: 64ಕ್ಕೆ ಏರಿಸಿದರೆ ಸರಿಹೋಗುತ್ತದೆ. ಇನ್ನೊಂದು ಎಚ್ಚರ: ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೇ ತಂದು ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಕೈಕೊಡುವ ಜಾಗಗಳಲ್ಲಿ ಮುಖ್ಯವಾದದ್ದು ಎರಡನೇ ಸುತ್ತು. ಫ್ರೇಮನ್ನು ನಕಲು ಮಾಡಿ ಹೊಸ ಆವೃತ್ತಿ ಶುರುಮಾಡಿದರೆ ಕಾಮೆಂಟುಗಳು ಹಳೆಯದರಲ್ಲೇ ಉಳಿಯುತ್ತವೆ. ಫೈಲ್ ನಕಲು ಮಾಡಿದರೂ ಅಷ್ಟೇ. ಹಾಗಾಗಿ ಮೊದಲ ಸುತ್ತಿನ ಪ್ರತಿ ಕಾಮೆಂಟಿಗೂ ಉತ್ತರ ಬರೆದು, ಪರಿಹಾರವಾಯಿತೆಂಬ ಗುರುತು ಹಾಕಿದ ಮೇಲೆಯೇ ನಕಲು ಮಾಡಿ. ಆ ಗುರುತನ್ನು ಕಾಮೆಂಟು ಹಾಕಿದವರೇ ಒತ್ತಲಿ. ವಿನ್ಯಾಸಕರೇ ಒತ್ತಿದರೆ ಕಾಮೆಂಟು ಕಣ್ಮರೆಯಾಗಿ, ‘ನಮ್ಮ ಮಾತು ಅಳಿಸಿಹಾಕಿದರು’ ಎಂಬ ಮುನಿಸು ಬರುತ್ತದೆ. ಅಳಿದಿರುವುದಿಲ್ಲ, ಪರಿಹಾರವಾದವನ್ನೂ ತೋರಿಸುವ ಆಯ್ಕೆ ಕಾಮೆಂಟು ಪಟ್ಟಿಯಲ್ಲೇ ಇದೆ. ಉಚಿತ ಯೋಜನೆಯಲ್ಲಿ ಆವೃತ್ತಿಗಳ ಇತಿಹಾಸ ಸಿಗುವುದು 30 ದಿನದ್ದು ಮಾತ್ರ. ಸಮಿತಿ ಸಭೆ ತಿಂಗಳಿಗೊಮ್ಮೆ ಸೇರುವ ಕಡೆ ಅದು ಸಾಲದು, ಪ್ರತಿ ಸುತ್ತಿಗೂ ಪಿಡಿಎಫ್ ತೆಗೆದಿಡಿ.

ಒಬ್ಬರಿಗೆ ಮರೂನ್, ಇನ್ನೊಬ್ಬರಿಗೆ ಹಸಿರು ಬೇಕಾದರೆ ಫಿಗ್ಮಾ ಏನೂ ಮಾಡಲಾರದು. ಕೊನೆಯ ಮಾತು ಯಾರದೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಎಷ್ಟು ಸುತ್ತು ತಿದ್ದುಪಡಿ ಎಂಬುದನ್ನೂ.

ಸೈಟ್ ಕಟ್ಟಿದ ಮೇಲೆ ಫಿಗ್ಮಾದ ಕೆಲಸ ಮುಗಿಯಿತು. ಆಗ ಬಗ್‌ಹರ್ಡ್‌ನಂಥ ತಂತ್ರಾಂಶ ಬೇಕು. ಅದು ಜೀವಂತ ಪುಟದ ಮೇಲೆಯೇ ಕಾಮೆಂಟು ಚುಚ್ಚಿ, ಬ್ರೌಸರ್, ಆಪರೇಟಿಂಗ್ ಸಿಸ್ಟಂ, ಪರದೆಯ ಅಳತೆ ಎಲ್ಲವನ್ನೂ ತಾನೇ ದಾಖಲಿಸುತ್ತದೆ. ‘ಮೆನು ತೆರೆಯುತ್ತಿಲ್ಲ’ ಎಂದವರನ್ನು ಯಾವ ಬ್ರೌಸರ್ ಎಂದು ಮತ್ತೆ ಕೇಳಬೇಕಿಲ್ಲ. ಅದಕ್ಕೆ ಚಂದಾ ಇದೆ. ಐದಾರು ಪುಟದ ಸೈಟಿಗೆ ಬಿಡುಗಡೆಯ ಹಿಂದಿನ ಒಂದು ತಿಂಗಳಿಗಷ್ಟೇ ತೆಗೆದುಕೊಂಡರೆ ಸಾಕು.