ಮನೆಯಲ್ಲೇ ಉಣ್ಣೆ ಟೋಪಿ: ಸೂಜಿ, ವಾಷಿಂಗ್ ಮೆಷೀನ್, ಸೋಪು ನೀರು – ಯಾವುದು ವಾಸಿ?

ನೇಯ್ಗೆ, ಹೊಲಿಗೆ ಯಾವುದೂ ಇಲ್ಲದೆ ಬರೀ ಉಣ್ಣೆಯನ್ನು ಒತ್ತಿ, ಗಟ್ಟಿ ಮಾಡಿ ಮಾಡುವ ಬಟ್ಟೆಯೇ ಫೆಲ್ಟ್. ಅದರಿಂದ ಮನೆಯಲ್ಲಿ ಟೋಪಿ ಮಾಡಲು ಮೂರು ದಾರಿಗಳಿವೆ. ಒಣ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿ ಮಾಡುವುದು ಒಂದು. ನೂಲಿನಲ್ಲಿ ದೊಡ್ಡದಾಗಿ ಹೆಣೆದು ವಾಷಿಂಗ್ ಮೆಷೀನಿನಲ್ಲಿ ಕುಗ್ಗಿಸುವುದು ಇನ್ನೊಂದು. ಸೋಪು ನೀರು ಹಾಕಿ ಕೈಯಲ್ಲಿ ತಿಕ್ಕುವುದು ಮೂರನೆಯದು. ಮೂರನ್ನೂ ಮಾಡಿ, ಮೂರರ ಟೋಪಿಗಳನ್ನೂ ಹಾಕಿಕೊಂಡು ಓಡಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸೋಪು ನೀರಿಗೆ. ಆದರೆ ಯಾವ ದಾರಿ ಅನ್ನುವುದಕ್ಕಿಂತ ಯಾವ ಕುರಿಯ ಉಣ್ಣೆ ಅನ್ನುವುದೇ ಟೋಪಿಯ ಹಣೆಬರಹವನ್ನು ಜಾಸ್ತಿ ನಿರ್ಧರಿಸುತ್ತದೆ.

"ನಮ್ಮ ಬಿಸಿಲಿಗೆ ಉಣ್ಣೆ ಟೋಪಿನಾ?" ಅಂತ ಎಲ್ಲರೂ ಕೇಳುತ್ತಾರೆ. ಕುರಿ ಕಾಯುವವರು ಬೇಸಿಗೆಯಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸುವುದಿಲ್ಲ. ಮಳೆ ಬಂದರೆ ಅದೇ ತಲೆ ಮೇಲೆ ಕೊಪ್ಪೆಯಾಗುತ್ತದೆ. ಕಿರ್ಗಿಸ್ತಾನದಲ್ಲಿ ಬಿಳಿ ಫೆಲ್ಟಿನ ಆಕ್ ಕಲ್ಪಾಕ್ ಟೋಪಿಯನ್ನು ಚಳಿಗೂ ಹಾಕುತ್ತಾರೆ, ಬಿಸಿಲಿಗೂ ಹಾಕುತ್ತಾರೆ. ಅದನ್ನು ಮಾಡುವ ಕಲೆಯನ್ನು ಯುನೆಸ್ಕೊ 2019ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ತೆಳು ಫೆಲ್ಟ್ ಬಿಸಿಲನ್ನು ತಡೆಯುತ್ತದೆ, ಬೆವರನ್ನೂ ಹೀರಿಕೊಳ್ಳುತ್ತದೆ. ಹಾಗಂತ ಏಪ್ರಿಲ್ ಮಧ್ಯಾಹ್ನಕ್ಕೆ ನಾನು ಹತ್ತಿ ಟೋಪಿಯನ್ನೇ ಹುಡುಕುವುದು, ಅದೂ ನಿಜ.

ಫೆಲ್ಟ್ ಹೇಗಾಗುತ್ತದೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಎಲ್ಲವೂ ಎಳೆಯ ತುದಿಯ ಕಡೆಗೇ ಮುಖ ಮಾಡಿವೆ. ತಿಕ್ಕಿದಾಗ ಎಳೆ ಬುಡದ ಕಡೆಗೆ ಜಾರುತ್ತದೆ, ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಹೀಗೆ ಒಂದರೊಳಗೊಂದು ನುಗ್ಗಿ ಜಡೆಗಟ್ಟುತ್ತವೆ. ಬಿಸಿ ನೀರು ಎಳೆಯನ್ನು ಮೆದು ಮಾಡುತ್ತದೆ, ಸೋಪು ಜಾರಿಸುತ್ತದೆ. ಒಮ್ಮೆ ಕಟ್ಟಿಕೊಂಡರೆ ಬಿಡಿಸಲು ಆಗುವುದಿಲ್ಲ.

ಸೂಜಿ

ಈ ಸೂಜಿಗೆ ಸಾಮಾನ್ಯವಾಗಿ ಮೂರು ಮೂಲೆಗಳು. ಮೂಲೆಗಳ ಮೇಲೆ ಸಣ್ಣ ಕಚ್ಚುಗಳು. ಚುಚ್ಚಿದಾಗ ಅವು ಎಳೆಗಳನ್ನು ಒಳಕ್ಕೆ ಎಳೆದುಕೊಂಡು ಹೋಗುತ್ತವೆ. 36 ನಂಬರಿನ ಸೂಜಿ ದಪ್ಪ, ಅದು ಒರಟು ಉಣ್ಣೆಗೆ ಸರಿ. 40 ತೆಳು, ಕೊನೆಯ ನುಣುಪಿಗೆ. ನೀರಿಲ್ಲ, ಸೋಪಿಲ್ಲ, ನೆಲ ಒದ್ದೆಯಾಗುವುದಿಲ್ಲ. ಫ್ಲ್ಯಾಟಿನಲ್ಲಿ ಇರುವವರಿಗೆ ಇದೇ ಅನುಕೂಲ ಅನ್ನಿಸಬಹುದು.

ಆದರೆ ಪೂರ್ತಿ ಟೋಪಿಯನ್ನು ಸೂಜಿಯಲ್ಲೇ ಮಾಡುವುದು ನನ್ನ ಪ್ರಕಾರ ದಂಡ. ಎಷ್ಟು ಚುಚ್ಚಿದರೂ ಫೆಲ್ಟ್ ಒಳಗೆ ಬಿಗಿಯಾಗುವುದಿಲ್ಲ. ನೋಡಲು ಟೋಪಿ, ಮುಟ್ಟಿದರೆ ಇಡ್ಲಿ. ಹಾಕಿ ತೆಗೆದು ಮಾಡುವಾಗ ಅಂಚನ್ನು ಎಳೆಯುತ್ತೇವಲ್ಲ, ಅಲ್ಲೇ ಸಡಿಲವಾಗಿ ಜೋಲು ಬೀಳುತ್ತದೆ. ಸೂಜಿ ಹೇಗೆ ಒಳಗೆ ಹೋಯಿತೋ ಹಾಗೇ ಹೊರಗೆ ಬರಬೇಕು, ಒಳಗಿದ್ದಾಗ ಓರೆ ಮಾಡಿದರೆ ಪಟ್ ಅಂತ ಮುರಿಯುತ್ತದೆ. ಮುರಿದ ತುದಿ ಸಿಗುವವರೆಗೂ ಹುಡುಕಲೇಬೇಕು, ತಲೆಗೆ ಹಾಕುವ ವಸ್ತು ಅಲ್ವಾ. ಹೂವು, ಪಟ್ಟಿ ಕೂರಿಸಲು, ತೆಳುವಾದ ಜಾಗಕ್ಕೆ ತೇಪೆ ಹಾಕಲು ಮಾತ್ರ ಇದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ನಾನು ಸೂಜಿಗಳನ್ನು ಇಟ್ಟುಕೊಂಡಿರುವುದು ಅಷ್ಟಕ್ಕೇ.

ವಾಷಿಂಗ್ ಮೆಷೀನ್

ಹೆಣಿಗೆ ಬರುವವರಿಗೆ ಇದು ಹಾಯಾದ ದಾರಿ. 8 ಎಂಎಂ ಕಡ್ಡಿಯಲ್ಲಿ ದಪ್ಪ ನೂಲು ಹಾಕಿ, ತಲೆಗಿಂತ ತುಂಬಾ ದೊಡ್ಡದಾಗಿ ಸಡಿಲವಾಗಿ ಹೆಣೆಯಬೇಕು. ಹೆಣೆದದ್ದು ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗುತ್ತದೆ. ಆದ್ದರಿಂದ ನೋಡಿದರೆ ನಗು ಬರುವಷ್ಟು ಎತ್ತರ ಬಿಡಬೇಕು.

ಇಲ್ಲಿ ದೊಡ್ಡ ತೊಡಕು ನೂಲಿನದು. ಅಂಗಡಿಯಲ್ಲಿ "ಉಲನ್ ಕೊಡಿ" ಅಂದರೆ ಬಹಳ ಸಲ ಕೈಗೆ ಬರುವುದು ಅಕ್ರಿಲಿಕ್. ಅದನ್ನು ದಿನವಿಡೀ ತಿರುಗಿಸಿದರೂ ಫೆಲ್ಟ್ ಆಗುವುದಿಲ್ಲ. ಒಂದು ಎಳೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಪ್ಪಟ ಉಣ್ಣೆಯೇ ಆಗಿದ್ದರೂ ಲೇಬಲ್ಲಿನಲ್ಲಿ ಸೂಪರ್‌ವಾಶ್ ಅಂತ ಇದ್ದರೆ ಬೇಡ. ಮೆಷೀನಿನಲ್ಲಿ ಕುಗ್ಗದಿರಲಿ ಅಂತಲೇ ಅದರ ಹುರುಪೆಗಳನ್ನು ತೆಗೆದು ಅಥವಾ ಮುಚ್ಚಿ ಕಳಿಸಿರುತ್ತಾರೆ.

ಟೋಪಿಯನ್ನು ಜಿಪ್ ಇರುವ ದಿಂಬಿನ ಕವರಿನಲ್ಲಿ ಹಾಕಿ. ಇಲ್ಲದಿದ್ದರೆ ಉದುರಿದ ಉಣ್ಣೆ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಜೊತೆಗೆ ಒಂದೆರಡು ಹಳೆ ಜೀನ್ಸ್ ಹಾಕಿದರೆ ಉಜ್ಜಾಟ ಚೆನ್ನಾಗಿ ಆಗುತ್ತದೆ. ಟಾಪ್ ಲೋಡ್‌ನಲ್ಲಿ ಬಿಸಿನೀರು ಬೇಕಾದರೆ ನೀವೇ ಬಕೆಟ್ಟಿನಲ್ಲಿ ಸುರಿಯಬೇಕಾಗಬಹುದು, ಆದರೆ ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡಬಹುದು. ಫ್ರಂಟ್ ಲೋಡ್ 60 ಡಿಗ್ರಿಗೆ ತಾನೇ ಕಾಯಿಸುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಒಳಗೆ ಹೋದದ್ದು ನಿಮ್ಮ ತಲೆಗೆ ಬರುತ್ತದೋ ಪಕ್ಕದ ಮನೆ ಮಗುವಿನ ತಲೆಗೆ ಬರುತ್ತದೋ, ಕೊನೆಗೆ ಗೊತ್ತಾಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಟಾಪ್ ಲೋಡೇ ವಾಸಿ.

ಬರುವ ಟೋಪಿ ಮೃದು, ಬೆಚ್ಚಗೆ, ಎಲ್ಲ ಕಡೆ ಒಂದೇ ದಪ್ಪ. ಕಿವಿ ಮುಚ್ಚುವ ಚಳಿಗಾಲದ ಟೋಪಿಗೆ ಇಷ್ಟು ಸಾಕು. ಸುತ್ತ ಅಂಚು ನೆಟ್ಟಗೆ ನಿಲ್ಲಬೇಕು ಅಂದರೆ ಆಗುವುದಿಲ್ಲ, ಅಂಚು ಅಲೆ ಅಲೆಯಾಗಿ ಏಳುತ್ತದೆ.

ಸೋಪು ನೀರು

ಕಷ್ಟ ಇದರಲ್ಲೇ ಜಾಸ್ತಿ, ಫಲವೂ ಇದರಲ್ಲೇ ಜಾಸ್ತಿ. ಬಬಲ್ ರ್‍ಯಾಪಿನಲ್ಲೋ ಪ್ಯಾಕಿಂಗ್ ಫೋಮಿನಲ್ಲೋ ಗಂಟೆಯ ಆಕಾರದ ಒಂದು ಅಚ್ಚು ಕತ್ತರಿಸಿಕೊಳ್ಳಬೇಕು. ಅದರ ಎರಡೂ ಮೈಗೆ ಉಣ್ಣೆ ಹಾಸಿ, ಅಂಚಿನಿಂದ ಹೊರಗೆ ಉಳಿದದ್ದನ್ನು ಮಡಚಿ ಸೇರಿಸುತ್ತೇವೆ. ಎಲ್ಲ ಕಟ್ಟಿಕೊಂಡ ಮೇಲೆ ಕೆಳಗೆ ಕತ್ತರಿಸಿ ಅಚ್ಚನ್ನು ಹೊರಗೆಳೆದರೆ ಹೊಲಿಗೆಯೇ ಇಲ್ಲದ ಟೋಪಿ.

ಅಳತೆ ಹೀಗೆ. ಮೊದಲು 20 ಸೆಂ.ಮೀ. ಚೌಕದ ತುಂಡೊಂದನ್ನು ಪೂರ್ತಿ ಫೆಲ್ಟ್ ಮಾಡಿ. ಅದು 14 ಸೆಂ.ಮೀ. ಆದರೆ 30% ಕುಗ್ಗಿತು ಅಂತ ಲೆಕ್ಕ. ತಲೆಯ ಸುತ್ತಳತೆ 56 ಆದರೆ ಅರ್ಧ 28. ಅದನ್ನು 0.7ರಿಂದ ಭಾಗಿಸಿದರೆ 40. ಅಚ್ಚಿನ ಅಗಲ ಅಷ್ಟು. ಈ ತುಂಡು ಮಾಡಲು ಬೇಜಾರು ಪಡಬೇಡಿ, ಪ್ರತಿ ಉಣ್ಣೆಯೂ ಬೇರೆ ಬೇರೆಯಾಗಿ ಕುಗ್ಗುತ್ತದೆ. ಅಂಚಿಲ್ಲದ ಟೋಪಿಗೆ 60ರಿಂದ 70 ಗ್ರಾಂ, ಅಂಚಿರುವುದಕ್ಕೆ 100ರಿಂದ 120 ಗ್ರಾಂ ಉಣ್ಣೆ ಸಾಕು. ಅದನ್ನು ಒಂದೊಂದು ಮೈಗೆ ನಾಲ್ಕು ತೆಳು ಪದರ ಮಾಡಿ, ಒಂದು ಅಡ್ಡ, ಒಂದು ಉದ್ದ ಹಾಸಬೇಕು. ಎರಡು ದಪ್ಪ ಪದರ ಹಾಸಿದರೆ ಅವು ಒಂದಕ್ಕೊಂದು ಸರಿಯಾಗಿ ಹಿಡಿಯುವುದಿಲ್ಲ.

ಮೇಲೆ ಸೊಳ್ಳೆ ಪರದೆಯ ತುಂಡು ಹಾಸಿ, ಉಗುರು ಬೆಚ್ಚಗಿನ ಸೋಪು ನೀರು ಚಿಮುಕಿಸಿ, ಅಂಗೈಯಲ್ಲಿ ಮೆಲ್ಲಗೆ ಸವರುವುದರಿಂದ ಶುರು. ಅಂಚುಗಳಿಗೆ ವಿಶೇಷ ಗಮನ ಬೇಕು, ಇಲ್ಲದಿದ್ದರೆ ಅಲ್ಲಿ ಏಣು ನಿಲ್ಲುತ್ತದೆ. ಬೆರಳಲ್ಲಿ ಚಿವುಟಿ ಎತ್ತಿದಾಗ ಎಳೆ ಬಿಡಿಬಿಡಿಯಾಗಿ ಬರದೆ ಪದರವೇ ಎದ್ದು ಬಂದರೆ ಮುಂದಿನ ಹಂತಕ್ಕೆ ಹೋಗಬಹುದು. ಈಗ ಕೈ ತಡೆಯುವಷ್ಟು ಬಿಸಿ ನೀರು, ಈಗ ಬಲ. ಚಾಪೆಯಲ್ಲಿ ಸುತ್ತಿ ಉರುಳಿಸಬೇಕು. ಉರುಳಿಸಿದ ದಿಕ್ಕಿಗೇ ಕುಗ್ಗುವುದರಿಂದ ನಾಲ್ಕೂ ಕಡೆಯಿಂದ ತಿರುಗಿಸಿ ತಿರುಗಿಸಿ ಸುತ್ತಬೇಕು. ಇದನ್ನು ಕಲಿಸುವವರು ಗೀರು ಗೀರಿನ ಹಲಗೆ ತಗೊಳ್ಳಿ ಅನ್ನುತ್ತಾರೆ. ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿರುವಾಗ ಅದೆಲ್ಲ ಯಾಕೆ? ಕಲ್ಲಿನ ಮೇಲೆ ತಿಕ್ಕಿ, ಎತ್ತಿ ಬಡಿದರೆ ಟೋಪಿ ಕಣ್ಣೆದುರೇ ಕುಗ್ಗುತ್ತದೆ. ಮರದ ಟೋಪಿ ಅಚ್ಚಿನ ಬದಲು ತಲೆಯ ಸುತ್ತಳತೆಗೆ ಸರಿಯಾಗುವ ಸ್ಟೀಲ್ ಪಾತ್ರೆಯನ್ನು ಕವುಚಿ, ಅದರ ಮೇಲೆ ಒದ್ದೆ ಟೋಪಿ ಎಳೆದು ಕೂರಿಸಿ ದಾರ ಬಿಗಿದು ಒಣಗಿಸುತ್ತೇನೆ. ಪಾತ್ರೆಯ ತಳ ಚಪ್ಪಟೆ ಇದ್ದರೆ ನೆತ್ತಿ ಚಪ್ಪಟೆ, ದುಂಡಗಿದ್ದರೆ ದುಂಡಗೆ.

ನೀರು, ಸೋಪಿನ ವಿಷಯದಲ್ಲೂ ಹೋಲಿಸಿ ನೋಡಿದೆ. ನಮ್ಮ ಬೋರ್‌ವೆಲ್ ನೀರು ಗಡಸು, ನೊರೆಯೇ ಏಳುವುದಿಲ್ಲ, ಸೋಪು ಬಿಳಿ ಗಸಿಯಾಗಿ ಉಣ್ಣೆಗೆ ಅಂಟುತ್ತದೆ. ಮಳೆ ನೀರಲ್ಲಿ ಅದೇ ಸೋಪು ಅರ್ಧ ಸಾಕು. ಆಲಿವ್ ಎಣ್ಣೆ ಸೋಪು ಕೈಗೆ ಹಿತ, ಮಾಮೂಲಿ ಬಟ್ಟೆ ಬಾರ್ ಸೋಪು ಕೆಲಸದಲ್ಲಿ ಚುರುಕು, ಆದರೆ ಅಂಗೈ ಬಿರಿಯುತ್ತದೆ. ಅಂಟುವಾಳದ ನೊರೆಯಲ್ಲಿ ಕೈಗೆ ಏನೂ ಆಗಲಿಲ್ಲ, ಉಣ್ಣೆ ಮಾತ್ರ ಬಹಳ ನಿಧಾನವಾಗಿ ಕಟ್ಟಿಕೊಂಡಿತು. ಎಂಜೈಮ್ ಇರುವ ಡಿಟರ್ಜೆಂಟ್ ಬೇಡವೇ ಬೇಡ. ಉಣ್ಣೆ ಪ್ರೋಟೀನು, ಕೆಲವು ಎಂಜೈಮ್ ಅದನ್ನೇ ತಿನ್ನುತ್ತದೆ. ಕೊನೆಗೆ ತಣ್ಣೀರಿಗೆ ಒಂದು ಚಮಚ ವಿನೆಗರ್ ಹಾಕಿ ಜಾಲಿಸಿದರೆ ಸೋಪಿನ ಕ್ಷಾರ ಹೋಗುತ್ತದೆ.

ಯಾವ ಕುರಿ?

ಸಿಕ್ಕ ಉಣ್ಣೆಗಳಲ್ಲಿ ಮೆರಿನೊ ರಾಜ. ಎಳೆ 18ರಿಂದ 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಅಷ್ಟು ತೆಳು. ಬಾಚಿ ಸಿದ್ಧ ಮಾಡಿದ ಉದ್ದ ಹಂಜಿಯಾಗಿ ಬರುತ್ತದೆ, ಬಿಡಿಸಿ ಹಾಸುವುದಷ್ಟೇ ಕೆಲಸ. ಬೇಗ ಕಟ್ಟಿಕೊಳ್ಳುತ್ತದೆ, 35ರಿಂದ 40% ಕುಗ್ಗುತ್ತದೆ, ಹಣೆಗೆ ಚುಚ್ಚುವುದಿಲ್ಲ. ತೊಂದರೆ ಎರಡು. ಹೊರದೇಶದ ಮಾಲಾದ್ದರಿಂದ ದುಬಾರಿ. ಮೆದು ಜಾಸ್ತಿಯಾದ್ದರಿಂದ ಅಗಲ ಅಂಚು ತಾನಾಗಿ ನಿಲ್ಲುವುದಿಲ್ಲ. ರಾಜಸ್ಥಾನದ ಚೋಕ್ಲಾ ಉಣ್ಣೆ ಸಿಕ್ಕರೆ ನೋಡಿ. ಅಲ್ಲಿನ ಮೆರಿನೊ ಅಂತಲೇ ಅದಕ್ಕೆ ಹೆಸರು. ಸ್ವಲ್ಪ ಒರಟು, ಆದರೆ ಆಕಾರ ಚೆನ್ನಾಗಿ ಹಿಡಿಯುತ್ತದೆ.

ಇನ್ನು ನಮ್ಮದು, ಡೆಕ್ಕನಿ. ಚಳ್ಳಕೆರೆ ಕಡೆ ಕಂಬಳಿಯಾಗುವ ಕರಿ ಉಣ್ಣೆ. ಇದರ ಎಳೆ ಮೆರಿನೊದ ದುಪ್ಪಟ್ಟು ದಪ್ಪ, ನಡುವೆ ಟೊಳ್ಳಿರುವ ಕೂದಲೆಳೆಗಳೂ ಬೇಕಾದಷ್ಟು. ಇವು ಒಂದಕ್ಕೊಂದು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. 20 ಸೆಂ.ಮೀ. ತುಂಡು ಎಷ್ಟು ತಿಕ್ಕಿದರೂ 16, 17ಕ್ಕೆ ನಿಂತಿತು. ಕುರಿಗಾರರು ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಕೆರೆಯಲ್ಲಿ ತೊಳೆಯುತ್ತಾರೆ, ಆದರೂ ಮುಳ್ಳು, ಕಸ, ಮಣ್ಣು ಇದ್ದೇ ಇರುತ್ತದೆ. ಬಿಸಿ ಸೋಪು ನೀರಲ್ಲಿ ಅಲುಗಾಡಿಸದೆ ನೆನೆಸಿ, ಒಣಗಿಸಿ, ಕೈಯಲ್ಲಿ ಹಿಂಜಿ, ಕೊನೆಗೆ ನಾಯಿಗೆ ಬಾಚುವ ತಂತಿ ಬ್ರಷ್ಷಿನಲ್ಲಿ ಬಾಚಬೇಕು. ಟೋಪಿ ಮಾಡುವುದಕ್ಕಿಂತ ಇದಕ್ಕೇ ಹೊತ್ತು ಜಾಸ್ತಿ. ಅದೊಂದರಲ್ಲೇ ಮಾಡಿದ ಟೋಪಿ ತಲೆ ಮೇಲೆ ನಿಲ್ಲುತ್ತದೆ, ನಿಜ. ಆದರೆ ಹಣೆ ಕೆರೆಯುತ್ತದೆ, ಕರಿ ಕೂದಲು ಅಂಗಿ ಮೇಲೆ ಉದುರುತ್ತದೆ.

ಹಾಗಂತ ಕೈಬಿಡಲು ಮನಸ್ಸಿಲ್ಲ. ಸಿಂಥೆಟಿಕ್ ಬ್ಲಾಂಕೆಟ್ಟಿನ ಮುಂದೆ ಕಂಬಳಿಗೆ ಗಿರಾಕಿ ಕಡಿಮೆ, ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ ಕುರಿಗಾರರು ಹೇಳುವುದನ್ನು ಕೇಳಿದ್ದೇನೆ. ಕೊನೆಗೆ ನನಗೆ ಒಗ್ಗಿದ್ದು ಬೆರಕೆ. ತಲೆಗೆ ತಾಗುವ ಕಡೆ ಎರಡು ಪದರ ಮೆರಿನೊ, ಅದರ ಮೇಲೆ ಎರಡು ಪದರ ಡೆಕ್ಕನಿ. ಅಚ್ಚಿಗೆ ಅಂಟುವುದು ಒಳಮೈ ಆದ್ದರಿಂದ ಮೆರಿನೊ ಮೊದಲು. ತೆಳು ಎಳೆಗಳು ಒಳಗಿನಿಂದ ನುಗ್ಗಿ ಬಂದು ದಪ್ಪ ಎಳೆಗಳನ್ನು ಕಟ್ಟಿಹಾಕುತ್ತವೆ. ಒಳಗೆ ಮೃದು, ಹೊರಗೆ ಕಂಬಳಿಯ ಕಪ್ಪು, ಮಧ್ಯೆ ಮಧ್ಯೆ ಬೂದು ನರೆ. ಅಂಚೂ ಮೆರಿನೊಗಿಂತ ಗಟ್ಟಿ. ಉದುರುವುದು ಪೂರ್ತಿ ನಿಲ್ಲದಿದ್ದರೂ ಬಹಳ ಕಡಿಮೆಯಾಗುತ್ತದೆ.

ಒಂದು ಉಪಕಥೆ. ಯುರೋಪು, ಅಮೆರಿಕದ ಹಳೆ ಟೋಪಿ ಕಾರ್ಖಾನೆಗಳಲ್ಲಿ ಮೊಲ, ಬೀವರ್‌ಗಳ ತುಪ್ಪಳ ಫೆಲ್ಟ್ ಆಗಲಿ ಅಂತ ಪಾದರಸದ ದ್ರಾವಣ ಬಳಿಯುತ್ತಿದ್ದರು. ಅದರ ಹಬೆ ಕುಡಿದ ಕೆಲಸಗಾರರಿಗೆ ಕೈ ನಡುಕ, ಬುದ್ಧಿಭ್ರಮೆ. ಅಮೆರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಕುರಿ ಉಣ್ಣೆಗೆ ಆ ಗೋಜೇ ಇಲ್ಲ.

ಗಂಜಿಯೋ ಅರಗೋ

ಅಂಚು ಗಟ್ಟಿ ನಿಲ್ಲಲು ಏನಾದರೂ ಬಳಿಯಬೇಕು. ಕಂಬಳಿಗೆ ಹಾಕುವ ಹುಣಸೆ ಬೀಜದ ಗಂಜಿ ಮನೆಯಲ್ಲೇ ಆಗುತ್ತದೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಬೇಯಿಸಬೇಕು. ಒಣಗಿದ ಮೇಲೆ ಅಂಚು ಖಡಕ್. ಆದರೆ ಒಂದು ಜೋರು ಮಳೆಗೆ ಅಂಚು ಕಿವಿಗೆ ಬಂತು, ಆಮೇಲೆ ಮುಗ್ಗಲು ವಾಸನೆ. ಬಿಳಿ ಅಂಟನ್ನು ನೀರು ಮಾಡಿ ಬಳಿದರೆ ಗಟ್ಟಿಯೇನೋ ಆಗುತ್ತದೆ, ಮುಟ್ಟಿದರೆ ಪ್ಲಾಸ್ಟಿಕ್.

ಗೆದ್ದದ್ದು ಅರಗು. ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿಯುವುದು ಟೋಪಿ ಮಾಡುವವರ ಹಳೇ ಪದ್ಧತಿಯೇ. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ನೀರಿಗೆ ಜಗ್ಗುವುದಿಲ್ಲ. ಬಿಳಿ ಉಣ್ಣೆ ಮೇಲೆ ಹಳದಿ ಛಾಯೆ ಬಿಡುತ್ತದೆ, ಕರಿ ಉಣ್ಣೆಯಲ್ಲಿ ಕಾಣುವುದೇ ಇಲ್ಲ. ತೆಳುವಾಗಿ ಕಲಸಿ, ಅಂಚಿನ ಕೆಳಮೈಗೆ ಮಾತ್ರ ಬ್ರಷ್ಷಿನಲ್ಲಿ ಬಳಿಯಿರಿ. ಒಣಗಿದ ಮೇಲೆ ಸಾಲದು ಅನ್ನಿಸಿದರೆ ಇನ್ನೊಮ್ಮೆ. ನೆತ್ತಿಯ ಭಾಗಕ್ಕೆ ಬೇಡ, ಅಲ್ಲಿ ಗಾಳಿ ಆಡಬೇಕು. ಸ್ಪಿರಿಟ್ಟಿಗೆ ಬೆಂಕಿ ತಕ್ಷಣ ಹತ್ತುತ್ತದೆ, ಆದ್ದರಿಂದ ಈ ಕೆಲಸ ಅಡುಗೆಮನೆಯಲ್ಲಿ ಬೇಡ, ತಾರಸಿ ಮೇಲೆ ಮಾಡಿ.